ಗುಮ್ಮನ ಹೆದರಿಕೆ ಇಲ್ಲದೆ ಆಟಿಕೆ ಎತ್ತಿಡಿಸುವುದು ಹೇಗೆ?

ಹೋದ ತಿಂಗಳು ತಂಗಿ ಮನೆಯಲ್ಲಿದ್ದೆ. ರಾತ್ರಿ ಎಂಟು ಗಂಟೆ. ಅವಳ ಮೂರೂವರೆ ವರ್ಷದ ಮಗಳು ಹಾಲ್ ತುಂಬ ಬ್ಲಾಕ್ಸ್ ಹರಡಿಕೊಂಡು ಕೂತಿದ್ದಳು. "ಎತ್ತಿಡು ಪುಟ್ಟಿ" ಅಂತ ಅಡುಗೆಮನೆಯಿಂದ ನಾಲ್ಕು ಸಲ ಕೂಗಿದ್ದಾಯಿತು. ಐದನೇ ಸಲಕ್ಕೆ ಅಜ್ಜಿ ಬಂದು "ಗುಮ್ಮ ಬರ್ತಾನೆ ನೋಡು, ಹಿಡ್ಕೊಂಡು ಹೋಗ್ತಾನೆ" ಅಂದರು. ಪುಟ್ಟಿ ಬಾಗಿಲ ಕಡೆ ನೋಡುತ್ತಲೇ ದಡಬಡ ಅಂತ ಎಲ್ಲವನ್ನೂ ಬುಟ್ಟಿಗೆ ತುಂಬಿದಳು. ಅಜ್ಜಿ ಒಳಗೆ ಹೋದದ್ದೇ ತಡ, ಬುಟ್ಟಿ ಮತ್ತೆ ನೆಲದ ಮೇಲೆ ಬೋರಲು.

ಇಂಥದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಗುಮ್ಮ ಇಲ್ಲದಿದ್ದರೆ ಪೊಲೀಸ್, ಪೊಲೀಸ್ ಇಲ್ಲದಿದ್ದರೆ ಇಂಜೆಕ್ಷನ್ ಡಾಕ್ಟರ್. ಆ ಹೊತ್ತಿಗೆ ಕೆಲಸ ಆಗುತ್ತದೆ, ನಿಜ. ಆದರೆ ಮಗು ಕಲಿಯುವುದು ಬಾಗಿಲು ನೋಡುವುದನ್ನು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಗ್ರಾಜಿನಾ ಕೊಹಾನ್ಸ್ಕಾ ವರ್ಷಗಟ್ಟಲೆ ಇದನ್ನೇ ಗಮನಿಸಿದವರು. ತಾಯಿ-ಮಕ್ಕಳನ್ನು ಕರೆಸಿ, ಆಟಿಕೆ ಎತ್ತಿಡಲು ಹೇಳಿಸುತ್ತಿದ್ದರು. ಕಣ್ಣು ಕುಕ್ಕುವ ಬೇರೆ ಆಟಿಕೆಗಳನ್ನು ಮುಟ್ಟಬೇಡ ಅಂತಲೂ ಹೇಳಿಸುತ್ತಿದ್ದರು. ಮಾತು ಕೇಳುವುದರಲ್ಲಿ ಎರಡು ಥರ ಇದೆ ಅನ್ನುವುದು ಅವರಿಗೆ ಕಂಡಿತು. ಒಂದು, ಮನಸ್ಸಿಟ್ಟು ಮಾಡುವುದು. ಇನ್ನೊಂದು, ಯಾರಾದರೂ ತಲೆ ಮೇಲೆ ನಿಂತು ಹೇಳುತ್ತಿದ್ದರೆ ಮಾತ್ರ ಮಾಡುವುದು. ಮೊದಲನೇ ಥರ ಜಾಸ್ತಿ ಕಂಡದ್ದು ತಾಯಿ ಮಗು ಒಬ್ಬರಿಗೊಬ್ಬರು ಓಗೊಟ್ಟುಕೊಂಡು ಖುಷಿಯಾಗಿರುವ ಕಡೆ. ಇನ್ನೊಂದು ವಿಷಯ: ಪುಟ್ಟ ಮಕ್ಕಳಿಗೆ "ಮುಟ್ಟಬೇಡ" ಅನ್ನುವುದು ಸುಲಭ, "ಎತ್ತಿಡು" ಅನ್ನುವುದು ಕಷ್ಟ. ಗ್ಯಾಸ್ ಒಲೆ ಮುಟ್ಟದ ಮಗು ಬ್ಲಾಕ್ಸ್ ಎತ್ತಿಡದಿದ್ದರೆ ಅದು ಹಠ ಅಂದುಕೊಳ್ಳಬೇಡಿ.

ಈಗ ಮಾಡುವುದು ಹೇಗೆ ಅಂತ ನೋಡೋಣ.

ಮೊದಲ ಕೆಲಸ ಸಂಜೆಯೇ ಶುರುವಾಗಬೇಕು. ಹತ್ತು ನಿಮಿಷ ಮಗುವಿನ ಜೊತೆ ನೆಲದ ಮೇಲೆ ಕೂತು ಆಡಿ. ಆಟ ಅವರು ಹೇಳಿದ್ದು, ಫೋನ್ ಬೇರೆ ರೂಮಿನಲ್ಲಿ.

ಎರಡನೇದು, ಬುಟ್ಟಿ. ಅಗಲ ಬಾಯಿಯ ಬಿದಿರು ಬುಟ್ಟಿ ಅಥವಾ ಹಳೇ ಬಕೆಟ್ ಸಾಕು. ಬಣ್ಣಕ್ಕೊಂದು ಗೂಡು ಇರುವ ದುಬಾರಿ ಪ್ಲಾಸ್ಟಿಕ್ ಸ್ಟ್ಯಾಂಡ್ ದಯವಿಟ್ಟು ತರಬೇಡಿ, ಅದರಲ್ಲಿ ಜೋಡಿಸಿಡಲು ದೊಡ್ಡವರಿಗೇ ತಾಳ್ಮೆ ಇರುವುದಿಲ್ಲ. ಗೋಡೆಗೆ ಅಂಟಿಸುವ ಸ್ಟಾರ್ ಚಾರ್ಟೂ ಬೇಡ. ನಾನು ನೋಡಿದ ಮನೆಯಲ್ಲಿ ಎರಡನೇ ವಾರಕ್ಕೆ ಮಗು "ಎಷ್ಟು ಸ್ಟಾರ್ ಕೊಡ್ತೀಯ?" ಅಂತ ಚೌಕಾಸಿಗೆ ಕೂತಿತ್ತು.

ಮೂರನೇದು, ಐದು ನಿಮಿಷ ಮುಂಚೆ ಹೇಳಿ. ಅಡುಗೆಮನೆಯಿಂದ ಕೂಗಿ ಹೇಳುವುದಲ್ಲ, ಹತ್ತಿರ ಹೋಗಿ ಹೇಳಿ.

ಇನ್ನು ಎಲ್ಲರೂ ಎಡವುವ ಜಾಗ. ಮಗು "ಊಹೂಂ, ಎತ್ತಿಡಲ್ಲ" ಅಂದ ಮೇಲಿನ ಐದು ನಿಮಿಷ. ಇಲ್ಲಿ ನಮ್ಮ ಕೈಲಿ ಮೂರು ತಪ್ಪುಗಳಾಗುತ್ತವೆ: ಕೂಗುತ್ತೇವೆ, ಚಾಕ್ಲೇಟ್ ಆಸೆ ತೋರಿಸುತ್ತೇವೆ, ಇಲ್ಲಾ ಗೊಣಗುತ್ತಾ ನಾವೇ ಎತ್ತಿಡುತ್ತೇವೆ. ಮೂರೂ ಬಿಟ್ಟು, ಕೆಳಗೆ ಕೂತುಕೊಳ್ಳಿ. ನಿಮ್ಮ ಮುಖ ಮಗುವಿನ ಮುಖದ ಮಟ್ಟಕ್ಕೆ ಬರಬೇಕು. ತಕ್ಷಣ ಮಾತಾಡಬೇಡಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಈ ಹತ್ತು ಎಣಿಕೆ ನಿಮ್ಮ ಸಿಟ್ಟಿಳಿಯಲಿಕ್ಕೆ. ಆಮೇಲೆ "ಇನ್ನೂ ಆಡ್ಬೇಕು ಅನ್ಸ್ತಿದೆ ಅಲ್ವಾ? ಈಗ ಎತ್ತಿಡೋ ಹೊತ್ತು" ಅನ್ನಿ. ಅಷ್ಟೇ ಹೇಳಿ. ಭಾಷಣ ಬೇಡ. ನಂತರ ಒಂದು ಆಯ್ಕೆ ಕೊಡಿ: ಕೆಂಪು ಮೊದಲಾ, ನೀಲಿ ಮೊದಲಾ? ಮೊದಲ ಬ್ಲಾಕ್ ನೀವೇ ಹಾಕಿ.

ಅತ್ತರೆ ಅಳಲಿ. ಪಕ್ಕದಲ್ಲೇ ಇರಿ, ಬೆನ್ನು ಸವರಿ, ಆದರೆ ಹೇಳಿದ ಮಾತು ಬದಲಿಸಬೇಡಿ. ಮಣಿಕಟ್ಟು ಹಿಡಿದು ಎಳೆದು ಹಾಕಿಸುವುದಂತೂ ಬೇಡವೇ ಬೇಡ. ಹಸಿವು, ನಿದ್ದೆ ಸೇರಿ ಪೂರ್ತಿ ಕೈಮೀರಿದರೆ ಮೂರೇ ಮೂರು ಬ್ಲಾಕ್ಸ್ ಮಗುವಿಗೆ ಬಿಟ್ಟು ಉಳಿದದ್ದು ನೀವು ಎತ್ತಿಡಿ. ಆ ಮೂರು ಮಾತ್ರ ಮಗುವೇ ಹಾಕಬೇಕು.

ಮಾರನೇ ರಾತ್ರಿ ಪುಟ್ಟಿಯ ಜೊತೆ ಹೀಗೇ ಮಾಡಿದೆ. ಹತ್ತು ನಿಮಿಷದ ಅಳುವಾದ ಮೇಲೆ ಒಂದೊಂದೇ ಹಾಕತೊಡಗಿದಳು. ಕೊನೆಗೆ ಒಂದು ಹಳದಿ ಬ್ಲಾಕ್ ಮಾತ್ರ ಮುಷ್ಟಿಯಲ್ಲೇ ಉಳಿಯಿತು. "ಇದಕ್ಕೆ ನಿದ್ದೆ ಬಂದಿಲ್ಲ, ದೊಡ್ಡಮ್ಮ." ಕಾಯೋಣ ಅಂದೆ, ಇಬ್ಬರೂ ಸುಮ್ನೆ ಕೂತೆವು. ಸ್ವಲ್ಪ ಹೊತ್ತಿಗೆ ಅವಳೇ ಅದನ್ನು ಎಲ್ಲಕ್ಕಿಂತ ಮೇಲಿಟ್ಟು, ನನ್ನ ಕರ್ಚೀಫ್ ಕೇಳಿ ಹೊದಿಸಿದಳು.

ಆಮೇಲಿನದು ಮಾತು ಉಳಿಸಿಕೊಳ್ಳುವುದು. "ಎತ್ತಿಟ್ಟ ಮೇಲೆ ಕಥೆ" ಅಂದಿದ್ದರೆ ಕಥೆ ಆಗಲೇಬೇಕು, ಫೋನ್ ಬಂದರೂ ಸರಿ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಜೊತೆಯವರು 28 ಪುಟ್ಟ ಮಕ್ಕಳ ಜೊತೆ ಮಾಡಿದ ಒಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಒಳ್ಳೇ ಬಣ್ಣದ ಸಾಮಾನು ತರುತ್ತೇವೆ ಅಂತ ಹೇಳಿ ಅರ್ಧ ಮಕ್ಕಳಿಗೆ ತಂದುಕೊಟ್ಟರು, ಅರ್ಧ ಮಕ್ಕಳಿಗೆ ಬರಿಗೈಲಿ ಬಂದು ಕ್ಷಮೆ ಕೇಳಿದರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ಕಾದರೆ ಎರಡು ಅಂದರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ ಕಡೆ 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಒಂದು ಕಡೆ 14ರಲ್ಲಿ 9, ಇನ್ನೊಂದು ಕಡೆ ಒಬ್ಬರೇ. ಕೊಡುವವರ ಮೇಲೆ ನಂಬಿಕೆ ಇಲ್ಲದಿದ್ದರೆ ಮಗು ಯಾಕೆ ಕಾಯಬೇಕು ಹೇಳಿ?

ನೀವು ಕೂಗಿಬಿಟ್ಟ ದಿನವೂ ಬರುತ್ತದೆ. ಆಗ "ಅಮ್ಮ ಜೋರಾಗಿ ಕೂಗ್ಬಿಟ್ಟೆ, ತಪ್ಪಾಯ್ತು" ಅಂತ ಹೇಳಿ, ಅಪ್ಪಿಕೊಳ್ಳಿ. ಆದರೆ ಎತ್ತಿಡಬೇಕು ಅನ್ನುವ ಮಾತು ಮಾತ್ರ ಬದಲಿಸಬೇಡಿ.

ಕೊನೆಗೆ, ಮನೆಯ ಹಿರಿಯರು. ಮಗುವಿನ ಮುಂದೆ ಅವರನ್ನು ತಿದ್ದಬೇಡಿ, ಅವರಿಗೂ ಒಂದು ಕೆಲಸ ಕೊಡಿ. ಪುಟ್ಟಿಯ ಅಜ್ಜಿಗೆ ಮಂಡಿನೋವು, ನೆಲಕ್ಕೆ ಕೂರಲಾಗುವುದಿಲ್ಲ. ಈಗ ರಾತ್ರಿ ಎಂಟಾದರೆ ಅವರು ಕುರ್ಚಿಯಲ್ಲಿ ಬುಟ್ಟಿಯನ್ನು ತೊಡೆ ಮೇಲಿಟ್ಟುಕೊಂಡು ಕೂರುತ್ತಾರೆ. ಪುಟ್ಟಿ ಒಂದೊಂದೇ ಬ್ಲಾಕ್ ತಂದು ಹಾಕುತ್ತಾಳೆ. ಅವರು ಹಳದಿಯದಕ್ಕೆ ಕೈ ಹಾಕಿದರೆ ಓಡಿ ಬರುತ್ತಾಳಂತೆ: "ಅಜ್ಜಿ, ಅದು ಕೊನೇಲಿ!"