ಹತ್ತೂ ಹುಡುಗರನ್ನು ಆಡಿಸಿಯೇ ಗೆದ್ದೆವು: ನನ್ನ ಅನುಭವ

ಬಾಸ್ಕೆಟ್‌ಬಾಲ್ ಕೋಚ್ ಆಗಿ ನಾನು ಮಾಡಿದ್ದು ಇಷ್ಟೇ. ಸ್ಕೋರ್ ನೋಡಿ ಹುಡುಗರನ್ನು ಬದಲಾಯಿಸುವುದು ಬಿಟ್ಟೆ, ಗಡಿಯಾರ ನೋಡಿ ಬದಲಾಯಿಸಿದೆ. ಹತ್ತು ಹುಡುಗರು, ಐದೈದರ ಎರಡು ಗುಂಪು. ಮೂರು ನಿಮಿಷ ಚಿಲ್ಲರೆ ಆದ ಮೇಲೆ ಒಂದು ಗುಂಪು ಪೂರ್ತಿ ಹೊರಗೆ, ಇನ್ನೊಂದು ಪೂರ್ತಿ ಒಳಗೆ. ಮುಂದಿದ್ದರೂ ಅಷ್ಟೇ, ಹಿಂದಿದ್ದರೂ ಅಷ್ಟೇ.

ಹದಿನಾಲ್ಕು ವರ್ಷದ ಒಳಗಿನ ಮಕ್ಕಳ ಪಂದ್ಯದಲ್ಲಿ ಇದು ನಡೆಯೋದಿಲ್ಲ ಅಂತ ಎಲ್ಲರೂ ಹೇಳಿದರು. ಬೇರೆ ಕೋಚ್‌ಗಳು, ಅಪ್ಪ ಅಮ್ಮಂದಿರು, ನನ್ನ ಸಹಾಯಕ ಕೂಡ. ಸರಿಯಾಗಿ ಕೂರಲು ಒಂದೂವರೆ ಸೀಸನ್ ಬೇಕಾಯಿತು. ಈಗ ಅವರಲ್ಲೇ ಇಬ್ಬರು ಮೂವರು ಯಾವ ಗುಂಪು ಯಾವಾಗ ಆಡಬೇಕು ಅನ್ನೋ ನನ್ನ ಚಾರ್ಟು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೇ ಆಡಿಸುತ್ತಿದ್ದೆ. ಚೆನ್ನಾಗಿ ಆಡುವ ಐದು ಜನ ಕೋರ್ಟಿನಲ್ಲಿ, ಉಳಿದವರು ಬೆಂಚಿನಲ್ಲಿ. ಅಂತರ ಇಪ್ಪತ್ತು ದಾಟಿದರೆ ಮಾತ್ರ ಬೆಂಚಿನವರಿಗೆ ಅವಕಾಶ. ಆ ಸೀಸನ್‌ನಲ್ಲಿ ಹದಿನಾಲ್ಕೋ ಹದಿನೈದೋ ಪಂದ್ಯ ಆಡಿದೆವು, ನಾಲ್ಕು ಗೆದ್ದೆವು. ಹೊಟ್ಟೆ ಉರಿದದ್ದು ಸೋತದ್ದಕ್ಕಲ್ಲ. ಸೋತ ಪಂದ್ಯಗಳಲ್ಲಿ ಆರೇಳರಲ್ಲಿ ಹಾಫ್‌ಟೈಮ್‌ಗೆ ನಾವೇ ಮುಂದಿದ್ದೆವು! ಮೂರನೇ ಕ್ವಾರ್ಟರ್‌ನ ಮಧ್ಯಕ್ಕೆ ಬಂದರೆ ನಮ್ಮ ಶಾಟ್‌ಗಳೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತಿದ್ದವು. ಕಾಲು ಸೋತಿದೆ ಅನ್ನೋದಕ್ಕೆ ಅದಕ್ಕಿಂತ ಗುರುತು ಬೇಕಾ? ಕಾಲು ಸೋತವನು ಡಿಫೆನ್ಸ್‌ನಲ್ಲಿ ಕೈ ಹಾಕುತ್ತಾನೆ. ಕೈ ಹಾಕಿದರೆ ಫೌಲ್. ಬಾಲ್ ತಂದು ಆಟ ನಡೆಸುವ ನಮ್ಮ ಒಳ್ಳೆಯ ಗಾರ್ಡ್ ಐದನೇ ಫೌಲ್ ಮಾಡಿ ಆಟದಿಂದಲೇ ಹೊರಗೆ ಬರುವಾಗ ಇನ್ನೂ ಆರು ನಿಮಿಷ ಆಟ ಬಾಕಿ ಇರುತ್ತಿತ್ತು. ಅವನ ಜಾಗಕ್ಕೆ ಹೋಗುವ ಹುಡುಗ ಮುಕ್ಕಾಲು ಗಂಟೆಯಿಂದ ಕೂತವನು, ಮೈ ತಣ್ಣಗಾಗಿದೆ, ಎದೆ ಡವಡವ ಅನ್ನುತ್ತಿದೆ. ಅವನ ಕೈಯಿಂದ ಬಾಲ್ ಹೋದರೆ ನಾನು ಕೂಗುತ್ತಿದ್ದೆ. ತಪ್ಪು ಅವನದ್ದಲ್ಲ, ನನ್ನದು.

ಆಗ ದುಡ್ಡು ಸುರಿದೆ. ಅಯಸ್ಕಾಂತದ ಬಿಲ್ಲೆಗಳಿರುವ ಬೋರ್ಡು, ವಿಡಿಯೊ ತೆಗೆಯಲು ಎತ್ತರದ ಸ್ಟ್ಯಾಂಡು, ಅದಕ್ಕೊಂದು ವರ್ಷದ ಆ್ಯಪ್ ಚಂದಾ, ಸೊಂಟಕ್ಕೆ ಕಟ್ಟಿ ಓಡಿಸುವ ರಬ್ಬರ್ ಹಗ್ಗ. ಒಂದು ತಿಂಗಳ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು, ಎಲ್ಲ ನನ್ನ ಜೇಬಿನಿಂದ. ವಿಡಿಯೊ ಎರಡೇ ಸಲ ಮಕ್ಕಳಿಗೆ ತೋರಿಸಿದೆ, ಎರಡು ಸಲವೂ ಅವರು ನೋಡಿದ್ದು ತಮ್ಮ ತಮ್ಮ ಶಾಟ್ ಮಾತ್ರ. ಟೈಮ್‌ಔಟ್‌ನಲ್ಲಿ ಬೋರ್ಡು ಹಿಡಿದು ನಾಲ್ಕು ಪ್ಲೇ (ಯಾರು ಎಲ್ಲಿಗೆ ಓಡಬೇಕು ಅನ್ನೋ ಯೋಜನೆ) ಬರೆದರೆ ಒಂದೂ ನೆನಪಿರುತ್ತಿರಲಿಲ್ಲ. ತಂಡದ ನಿಧಿಯಲ್ಲಿ ವಾರ್ಮಪ್ ಸೂಟ್ ಹೊಲಿಸಿದ್ದೂ ದಂಡ. ಹತ್ತು ಹುಡುಗರಿಗೆ ನಮ್ಮಲ್ಲಿದ್ದದ್ದು ನಾಲ್ಕು ಬಾಲ್! ಆ ದುಡ್ಡಿಗೆ ಬಾಲ್ ತಗೊಂಡಿದ್ದರೆ ಒಂದು ವರ್ಷ ಮೊದಲೇ ನಮ್ಮ ಕೈ ಪಳಗುತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ರಟ್ಟು, ಒಂದು ಪೆನ್ಸಿಲ್, ಒಂದು ಸ್ಟಾಪ್‌ವಾಚ್.

ಗುಂಪು ಬದಲಾಯಿಸುವ ಉಪಾಯ ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದ ಗ್ರಿನೆಲ್ ಕಾಲೇಜಿನ ತಂಡ ಐಸ್ ಹಾಕಿಯ ಹಾಗೆ ಐದೈದು ಜನರನ್ನು ಒಟ್ಟಿಗೆ ಬದಲಾಯಿಸುವುದಕ್ಕೆ ಹೆಸರುವಾಸಿ. ಅವರದ್ದು ತೀರಾ ಚಿಕ್ಕ ಪಾಳಿ, ಜೊತೆಗೆ ಪೂರ್ತಿ ಕೋರ್ಟಿನ ಪ್ರೆಸ್ (ಎದುರಿನವರು ಬಾಲ್ ಒಳಗೆ ಹಾಕಿದಲ್ಲಿಂದಲೇ ಮುತ್ತಿಕೊಂಡು ತಡೆಯುವುದು), ಮೂರು ಪಾಯಿಂಟ್‌ನ ಶಾಟ್‌ಗಳ ಸುರಿಮಳೆ. ನಾನು ಮೊದಲು ಅದನ್ನೇ ಹಾಗೆ ಹಾಗೇ ತಂದು ಒಂದು ನಿಮಿಷದ ಪಾಳಿ ಮಾಡಿದೆ. ಪೂರ್ತಿ ಫೇಲ್. ಬಾಲ್ ಡೆಡ್ ಆಗದೆ, ಅಂದರೆ ವಿಸಿಲ್ ಆಗಿ ಆಟ ನಿಲ್ಲದೆ, ಬದಲಾಯಿಸುವ ಹಾಗಿಲ್ಲ, ಒಂದೊಂದು ಸಲ ಎರಡು ನಿಮಿಷ ವಿಸಿಲ್ಲೇ ಬರುವುದಿಲ್ಲ. ಮಕ್ಕಳಿಗೂ ಆಟಕ್ಕೆ ಕುದುರಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಐದು ನಿಮಿಷ ಮಾಡಿ ನೋಡಿದೆ. ಕೊನೆಯ ಒಂದು ನಿಮಿಷ ಸುಮ್ನೆ ನಡೆದಾಡುತ್ತಿದ್ದರು. ಮೂರು ನಿಮಿಷ ಇಪ್ಪತ್ತು ಸೆಕೆಂಡ್‌ಗೆ ಬಂದು ನಿಂತೆ.

ಹತ್ತು ನಿಮಿಷದ ಕ್ವಾರ್ಟರ್‌ಗೆ ಮೂರು ಪಾಳಿ. ಮೊದಲನೆಯದರಲ್ಲಿ ಎ-ಬಿ-ಎ, ಎರಡನೆಯದರಲ್ಲಿ ಬಿ-ಎ-ಬಿ. ಹಾಫ್‌ಟೈಮ್‌ಗೆ ಎಲ್ಲರಿಗೂ ಹತ್ತು ಹತ್ತು ನಿಮಿಷ ಸಿಕ್ಕಿರುತ್ತದೆ. ಯಾರ ಅಪ್ಪನೂ ಬಂದು ಲೆಕ್ಕ ಕೇಳುವ ಹಾಗಿಲ್ಲ. ಪಾಳಿ ಮುಗಿಯಲು ಅರ್ಧ ನಿಮಿಷ ಇರುವಾಗಲೇ ಮುಂದಿನ ಐವರನ್ನು ಸ್ಕೋರ್ ಟೇಬಲ್ ಹತ್ತಿರ ಕಳಿಸಿಬಿಡಿ. ವಿಸಿಲ್ ಆದ ಮೇಲೆ ಎದ್ದು ಓಡಿದರೆ ಆ ಅವಕಾಶ ಹೋಯಿತು ಅಂತಲೇ ಲೆಕ್ಕ.

ಗುಂಪು ಮಾಡುವಾಗ ಜಾಣರದ್ದೊಂದು, ಉಳಿದವರದ್ದೊಂದು ಅಂತ ಮಾಡಿದರೆ ಎಲ್ಲ ಕೆಟ್ಟಿತು. ಎರಡರಲ್ಲೂ ಪ್ರೆಸ್ ಒಡೆದು ಬಾಲ್ ಮೇಲೆ ತರುವವನೊಬ್ಬ ಬೇಕು, ರಿಬೌಂಡ್‌ಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬರುವ ಬಾಲ್ ಹಿಡಿಯಲು, ಹೆದರದವನೊಬ್ಬ ಬೇಕು. ಉಳಿದ ಮೂವರನ್ನು ಯಾರ ಜೊತೆ ಯಾರನ್ನು ಹಾಕಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸೀಸನ್‌ನಲ್ಲೂ ನಾನು ಗೆಲ್ಲಬೇಕು.

ಈ ಪದ್ಧತಿಯ ದೊಡ್ಡ ಲಾಭ ದಣಿವು ತಪ್ಪುವುದಲ್ಲ, ಮಾತಿಗೆ ಸಿಗುವ ಹೊತ್ತು. ಟೈಮ್‌ಔಟ್ ಸಿಗುವುದು ಮೊದಲ ಹಾಫ್‌ಗೆ 2, ಎರಡನೇ ಹಾಫ್‌ಗೆ 3. ಒಂದೊಂದು ಒಂದೇ ನಿಮಿಷ. ನಮ್ಮಲ್ಲಾದರೆ ಪ್ರತಿ ಪಾಳಿ ಮುಗಿದಾಗಲೂ ಐದು ಹುಡುಗರು ಮೂರು ನಿಮಿಷ ನನ್ನ ಪಕ್ಕ ಕೂತಿರುತ್ತಾರೆ. ಮೊದಲ ಒಂದು ನಿಮಿಷ ನಾನು ಬಾಯಿ ಬಿಡುವುದಿಲ್ಲ. ನೀರು ಕುಡಿಯಲಿ, ಉಸಿರು ಇಳಿಯಲಿ. ಆಮೇಲೆ ಒಂದೇ ಮಾತು. ಎರಡನೆಯದು ಇದ್ದರೆ ಮುಂದಿನ ಪಾಳಿಗೆ. ಬಾಲ್ ಆಟದಲ್ಲಿರುವಾಗ ಕೋರ್ಟಿನೊಳಗಿನವರಿಗೆ ಏನೂ ಕೂಗುವುದಿಲ್ಲ. ಹಿಂದೆ ನನ್ನ ಸಹಾಯಕ ಒಮ್ಮೆ ಎಣಿಸಿದ್ದ, ಒಂದೇ ಕ್ವಾರ್ಟರ್‌ನಲ್ಲಿ ಅರವತ್ತಕ್ಕೂ ಜಾಸ್ತಿ ಸಲ ಕೂಗಿದ್ದೆ. ಡ್ರಿಬಲ್ ಮಾಡುತ್ತಾ ನನ್ನ ಕಡೆ ತಿರುಗಿದ ಹುಡುಗನ ಕೈಯಿಂದ ಬಾಲ್ ಕಿತ್ತುಕೊಂಡು ಹೋಗುವುದನ್ನು ಎಷ್ಟು ಸಲ ನೋಡಿಲ್ಲ ನಾವು!

ಬೆಂಚಿನಲ್ಲಿ ಒಬ್ಬ ಹುಡುಗನ ಕೈಗೆ ರಟ್ಟು ಕೊಡುತ್ತೇನೆ. ಯಾರು ಬಾಲ್ ಕಳೆದರು, ಯಾರು ಬಾಕ್ಸ್‌ಔಟ್ (ರಿಬೌಂಡ್‌ಗೆ ಬರುವ ಎದುರಾಳಿಯನ್ನು ಬೆನ್ನಿನಿಂದ ತಡೆಯುವುದು) ಬಿಟ್ಟರು, ಈ ಎರಡಕ್ಕೇ ಗೀಟು. ಒಂದು ಸಲ ಪಾಯಿಂಟ್‌ಗಳನ್ನೂ ಬರೆಸಿದೆ. ಮರುವಾರವೇ ಎಲ್ಲರೂ ಸಿಕ್ಕಲ್ಲಿಂದ ಶಾಟ್ ಹೊಡೆಯಲು ಶುರು ಮಾಡಿದರು, ತಕ್ಷಣ ನಿಲ್ಲಿಸಿದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಫ್ರೀ ಥ್ರೋ, ಅಂದರೆ ಫೌಲ್‌ಗೆ ಸಿಗುವ ಯಾರೂ ತಡೆಯದ ಶಾಟ್, ಕೆಳಗಿನಿಂದ, ಎರಡೂ ಕೈಯಲ್ಲಿ ತೂಗಿ ಹಾಕುವುದು. ಅಮೆರಿಕದ ಹೆಸರಾಂತ ಆಟಗಾರ ವಿಲ್ಟ್ ಚೇಂಬರ್ಲೇನ್ 1962ರಲ್ಲಿ 100 ಪಾಯಿಂಟ್ ಹೊಡೆದ ಪಂದ್ಯದಲ್ಲಿ 32 ಫ್ರೀ ಥ್ರೋಗಳಲ್ಲಿ 28 ಹಾಕಿದ್ದು ಹೀಗೇ. ಅಲ್ಲಿನವನೇ ಇನ್ನೊಬ್ಬ ಆಟಗಾರ ರಿಕ್ ಬ್ಯಾರಿಯಂತೂ ಕೊನೆಯವರೆಗೂ ಹೀಗೇ ಹಾಕಿದ. ನಮ್ಮಲ್ಲಿ ಫ್ರೀ ಥ್ರೋ ತೀರಾ ಕೆಟ್ಟದಾಗಿದ್ದ ಇಬ್ಬರಿಗೆ ಕಲಿಸಿದೆ. ಒಬ್ಬ ನಾಚಿಕೊಂಡು ಎರಡೇ ವಾರಕ್ಕೆ ಬಿಟ್ಟ. ಇನ್ನೊಬ್ಬ, ನಮ್ಮ 4ನೇ ನಂಬರ್, ಹಟ ಹಿಡಿದು ಕಲಿತ. ಹತ್ತಕ್ಕೆ ಮೂರು ಬೀಳುತ್ತಿದ್ದವನಿಗೆ ಪ್ರಾಕ್ಟೀಸ್‌ನಲ್ಲಿ ಆರು ಬೀಳತೊಡಗಿತು.

ಈಗ ಆ ಪಂದ್ಯ. ಸೀಸನ್‌ನ ಕೊನೆಯಿಂದ ಎರಡನೆಯದು. ಎದುರಿನ ತಂಡ ನಮ್ಮನ್ನು ಹಿಂದೆ ಇಪ್ಪತ್ತೆರಡು ಪಾಯಿಂಟ್‌ನಿಂದ ಸೋಲಿಸಿತ್ತು. ಶುರುವಿನಿಂದಲೇ ಪ್ರೆಸ್, ಎತ್ತರದ ಹುಡುಗರು, ಹೆಚ್ಚುಕಡಿಮೆ ಅದೇ ಐದು ಜನ ಪೂರ್ತಿ ಹೊತ್ತು. ನಮ್ಮ ಎ ಗುಂಪು ಹೇಗೋ ನಿಭಾಯಿಸಿತು. ಬಿ ಗುಂಪು ಒಳಗೆ ಹೋಯಿತು ನೋಡಿ, ಮೂರು ನಿಮಿಷದಲ್ಲಿ ಹತ್ತೋ ಹನ್ನೊಂದೋ ಪಾಯಿಂಟ್ ಸತತವಾಗಿ ಕೊಟ್ಟುಬಿಟ್ಟರು. "ಸರ್, ಎ ಗುಂಪನ್ನೇ ಹಾಕಿ ಸರ್, ಕೈ ಮೀರುತ್ತೆ" ಅಂದ ಸಹಾಯಕ. ಬೆಂಚಿನ ಹಿಂದೆ ಒಬ್ಬರು ಅಪ್ಪ ಎದ್ದು ನಿಂತು ಜೋರಾಗಿ ಮಾತಾಡತೊಡಗಿದರು. ಜೆರ್ಸಿಗೆ ದುಡ್ಡು ಕೊಡುತ್ತೇನೆ ಅಂದಿದ್ದವರು ಅವರು. ನಾನು ವಾಚ್ ನೋಡಿದೆ, ಇನ್ನೂ ಐವತ್ತು ಸೆಕೆಂಡ್ ಇತ್ತು. ಬದಲಾಯಿಸಲಿಲ್ಲ. ಕ್ವಾರ್ಟರ್ ಮುಗಿದಾಗ 9-20. ಜೆರ್ಸಿ ದುಡ್ಡು ಬರಲಿಲ್ಲ, ಹಳೇ ಜೆರ್ಸಿಯಲ್ಲೇ ಸೀಸನ್ ಮುಗಿಸಿದೆವು.

ಮೊದಲ ಕ್ವಾರ್ಟರ್‌ನ ಆ ಪಾಳಿ ಮುಗಿಸಿ ಬಿ ಗುಂಪು ಬಂದು ಕೂತಾಗ 12ನೇ ನಂಬರ್ ಹುಡುಗನ ಕೈಯಲ್ಲಿ ನೀರಿನ ಬಾಟಲಿ ನಡುಗುತ್ತಿತ್ತು. ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಪಕ್ಕದವನು ತೆಗೆದುಕೊಟ್ಟ. ಹಳೇ ಪದ್ಧತಿಯಲ್ಲಿ ಇವನು ಒಂದು ಪಂದ್ಯಕ್ಕೆ ಎರಡು ನಿಮಿಷ ಆಡಿದ್ದರೆ ಹೆಚ್ಚು. ಉಸಿರು ಇಳಿದ ಮೇಲೆ ಐವರಿಗೂ ಹೇಳಿದೆ: "ಬಾಲ್ ಸಿಕ್ಕ ತಕ್ಷಣ ನೆಲಕ್ಕೆ ಬಡಿಬೇಡ್ರೋ. ಮೊದಲು ತಲೆ ಎತ್ತಿ ನಡುವೆ ನೋಡಿ. ಅಲ್ಲೊಬ್ಬ ನಿಂತಿರ್ತಾನೆ." ಪ್ರೆಸ್ ಒಡೆಯೋದು ಹೇಗೆ ಅಂತ ಪ್ರಾಕ್ಟೀಸ್‌ನಲ್ಲಿ ಹತ್ತಾರು ಸಲ ಮಾಡಿದ್ದರು. ಹೆದರಿಕೆಯಲ್ಲಿ ಮರೆತಿದ್ದರು, ಅಷ್ಟೇ. ಎರಡನೇ ಕ್ವಾರ್ಟರ್‌ನಲ್ಲಿ ಅದೇ ಐವರು ನಡುವಿನ ಹುಡುಗನಿಗೆ ಪಾಸ್ ಕೊಟ್ಟು ಮೂರು ಸಲ ಸಲೀಸಾಗಿ ಲೇಅಪ್ (ರಿಂಗಿನ ಹತ್ತಿರಕ್ಕೇ ಓಡಿ ಹಾಕುವ ಶಾಟ್) ತನಕ ಹೋದರು. ಹಾಫ್‌ಟೈಮ್‌ಗೆ 21-30.

ಒಂಬತ್ತು ಹಿಂದೆ. ಆದರೂ ನನಗೆ ಧೈರ್ಯ ಬಂದಿತ್ತು. ಅವರ ಗಾರ್ಡ್ ಮೊಣಕಾಲ ಮೇಲೆ ಕೈ ಊರಿ ನಿಂತಿದ್ದ, ನಮ್ಮವರು ನಿಂತಲ್ಲೇ ಕುಪ್ಪಳಿಸುತ್ತಿದ್ದರು.

ಮೂರನೇ ಕ್ವಾರ್ಟರ್‌ನಲ್ಲಿ ನಾನು ಕಾಯುತ್ತಿದ್ದ ಸದ್ದು ಕೇಳಿಸಿತು. ಅವರ ಶಾಟ್‌ಗಳು ರಿಂಗಿನ ಮುಂದಿನ ಅಂಚಿಗೆ ಬಡಿಯತೊಡಗಿದವು, ಟಣ್, ಟಣ್. ಪ್ರೆಸ್ ಸಡಿಲವಾಯಿತು, ಕೈ ಹಾಕುವುದು ಶುರುವಾಯಿತು. ಕ್ವಾರ್ಟರ್ ಅರ್ಧ ಆಗುವುದರೊಳಗೆ ಅವರ ತಂಡದ ಫೌಲ್ ನಾಲ್ಕು ದಾಟಿತು, ಇನ್ನು ಪ್ರತಿ ಫೌಲ್‌ಗೂ ನಮಗೆ ಎರಡು ಫ್ರೀ ಥ್ರೋ. 4ನೇ ನಂಬರ್ ಲೈನಿಗೆ ಬಂದು ಕೆಳಗಿನಿಂದ ಬಾಲ್ ತೂಗಿದಾಗ ನೋಡುವವರು ನಕ್ಕರು. ಮೊದಲನೆಯದು ಬಿತ್ತು. ಎರಡನೆಯದೂ ಬಿತ್ತು. ಆ ಕ್ವಾರ್ಟರ್‌ನಲ್ಲಿ ಆರಕ್ಕೆ ನಾಲ್ಕು ಹಾಕಿದ, ನಗುವೂ ನಿಂತಿತು. 38-42.

ನಾಲ್ಕನೆಯದರಲ್ಲಿ ಅವರ ಗಾರ್ಡ್ ನಾಲ್ಕು ಫೌಲ್ ಹೊತ್ತುಕೊಂಡು ಆಡುತ್ತಿದ್ದ. ಅವನ ಎದುರಿಗೇ ನೇರ ರಿಂಗಿನ ಕಡೆ ನುಗ್ಗಿ ಅಂತ ಎ ಗುಂಪಿಗೆ ಹೇಳಿ ಕಳಿಸಿದೆ. ಸುಮಾರು ನಾಲ್ಕು ನಿಮಿಷ ಇರುವಾಗ ಐದನೆಯದೂ ಆಯಿತು. ಆ ಕ್ಷಣಕ್ಕೆ ನಾವು ಒಂದೇ ಪಾಯಿಂಟ್ ಹಿಂದೆ. ಅಲ್ಲೇ ಒಂದು ಟೈಮ್‌ಔಟ್ ತಗೊಂಡೆ. ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಎರಡನೇ ಹಾಫ್‌ನ ಮೂರನ್ನೂ ಕೂಡಿಟ್ಟುಕೊಂಡರೆ ಕೊನೆಯ ಎರಡು ನಿಮಿಷದಲ್ಲಿ ಎರಡೇ ಸಿಗುತ್ತದೆ, ಒಂದು ಸುಮ್ನೆ ಹೋಗುತ್ತದೆ.

ಕೊನೆಯ ಮೂರು ನಿಮಿಷಕ್ಕೆ ಮಾತ್ರ ನಾನು ಗಡಿಯಾರ ಬಿಡುತ್ತೇನೆ. ಆ ದಿನದ ಐವರನ್ನು ರಟ್ಟು ನೋಡಿ ಆರಿಸುತ್ತೇನೆ. ರಟ್ಟಿನಲ್ಲಿ 12ನೇ ನಂಬರ್ ಎದುರು ಮೊದಲ ಕ್ವಾರ್ಟರ್‌ನ ಎರಡು ಗೀಟು ಬಿಟ್ಟರೆ ಏನೂ ಇರಲಿಲ್ಲ. ಬಾಕ್ಸ್‌ಔಟ್ ಒಂದೂ ಬಿಟ್ಟಿರಲಿಲ್ಲ. "ಎದ್ದೇಳಪ್ಪಾ, ನೀನೂ" ಅಂದೆ. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳಿದೆ ಅಂದುಕೊಂಡು.

ನಲವತ್ತು ಸೆಕೆಂಡ್ ಇರುವಾಗ ನಾವು ಒಂದು ಪಾಯಿಂಟ್ ಮುಂದೆ, ಬಾಲ್ ನಮ್ಮದು. ಟೈಮ್‌ಔಟ್ ತಗೊಂಡು ಬಾಲನ್ನು ಕೋರ್ಟಿನ ಮುಂದಿನ ಅರ್ಧದಿಂದ, ಅಂದರೆ ನಾವು ಶಾಟ್ ಹೊಡೆಯುವ ರಿಂಗಿನ ಕಡೆಯಿಂದ, ಒಳಗೆ ಹಾಕಿದೆವು. ಆಗ ಆಡಿದ ಪ್ಲೇ ನನ್ನದೇ, ಈ ಸೀಸನ್‌ನಲ್ಲಿ ಮೂರು ಸಲ ಗೆಲ್ಲಿಸಿದೆ, ಅದನ್ನೂ ಬಚ್ಚಿಟ್ಟುಕೊಳ್ಳುತ್ತೇನೆ. ಎರಡು ಪಾಯಿಂಟ್ ಬಂತು. ಅವರು ಓಡಿಬಂದು ದೂರದಿಂದ ಹೊಡೆದರು, ಮತ್ತೆ ಮುಂದಿನ ಅಂಚು. ಬಾಲ್ ಮೇಲಿರುವಾಗಲೇ 12ನೇ ನಂಬರ್ ತನಗಿಂತ ಒಂದು ತಲೆ ಎತ್ತರದವನನ್ನು ಬೆನ್ನಿನಿಂದ ತಡೆದು, ಮೊಣಕಾಲು ಬಗ್ಗಿಸಿ ಗಟ್ಟಿಯಾಗಿ ನಿಂತುಬಿಟ್ಟಿದ್ದ. ಬಾಲ್ ನೆಲಕ್ಕೆ ಒಂದು ಸಲ ಪುಟಿದು ಅವನ ಕೈಗೇ ಬಂತು. ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡ. 53-50.

ಪಂದ್ಯ ಮುಗಿದ ಮೇಲೆ ಎದುರಿನ ಕೋಚ್ ಬಂದು ಚಾರ್ಟು ಕೇಳಿದರು, ತೋರಿಸಿದೆ. ಗುಂಪು ಮಾಡಿದ್ದು ಹೇಗೆ ಅಂದರು, ಪ್ರಾಕ್ಟೀಸ್‌ಗೆ ಬಂದು ನೋಡಿ ಅಂದೆ.

ಒಂಬತ್ತೇ ಜನ ಬಂದ ದಿನ ಏನು ಮಾಡುತ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಒಬ್ಬನನ್ನು ಎರಡೂ ಗುಂಪಿಗೆ ಹಾಕುತ್ತೇನೆ, ಆದರೆ ಕ್ವಾರ್ಟರ್‌ಗೊಬ್ಬನನ್ನು. ಅವನು ಆ ಹತ್ತು ನಿಮಿಷ ಪೂರ್ತಿ ಆಡುತ್ತಾನೆ, ಮುಂದಿನದಕ್ಕೆ ಬೇರೆಯವನು. ನಾಲ್ಕನೆಯದಕ್ಕೆ ಫೌಲ್ ಕಡಿಮೆ ಇರುವವನು. ಎಂಟೇ ಜನ ಬಂದರೆ ಐವರ ಗುಂಪು ನಿಲ್ಲುವುದಿಲ್ಲ. ಜೋಡಿ ಜೋಡಿಯಾಗಿ ಬದಲಾಯಿಸಿ ನೋಡಿದೆ, ಎರಡು ಪಂದ್ಯ, ಎರಡೂ ಸೋತೆವು. ಮುಂದಿನ ಸಲ ಇಬ್ಬರು ಗಾರ್ಡ್‌ಗಳಿಗೆ ಮಾತ್ರ ಗಡಿಯಾರ ಬೇರೆ ಇಟ್ಟು ನೋಡಬೇಕು ಅಂತಿದ್ದೇನೆ.