ಇಪ್ಪತ್ತರಲ್ಲಿ ಹನ್ನೆರಡು ಗೆದ್ದ ಡೆಕ್ಕನ್ನು ನಾನು ಯಾಕೆ ನಂಬುವುದಿಲ್ಲ

ಕಾರ್ಡ್ ಆಟಕ್ಕೆ ಹೊಸ ಡೆಕ್ ಕಟ್ಟಿದವರು ಹೇಳುವ ಮೊದಲ ಮಾತೇ "ಇಪ್ಪತ್ತರಲ್ಲಿ ಹನ್ನೆರಡು ಗೆದ್ದೆ" ಅಂತ. ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿದರೂ ಹನ್ನೆರಡು ಅಥವಾ ಹೆಚ್ಚು ಸಲ ಹೆಡ್ಸ್ ಬೀಳುವ ಸಾಧ್ಯತೆ ಸುಮಾರು 25% ಇದೆ! ಹಾಗಾಗಿ ಪೋಕೆಮಾನ್ ಕಾರ್ಡ್ ಆಟದಲ್ಲಿ ನಾನು ಗೆಲುವಿನ ಲೆಕ್ಕ ನೋಡುವುದು ಕೊನೆಗೆ. 2024ರಲ್ಲಿ ಚಾರಿಜಾರ್ಡ್ ಇಎಕ್ಸ್, ಪಿಜಿಯಾಟ್ ಇಎಕ್ಸ್ ಜೋಡಿಯ ಡೆಕ್ಕನ್ನು ತೂಗಿದ್ದು ಹೀಗೆ.

ಮೊದಲು ಎದುರಾಳಿಯೇ ಇಲ್ಲದ ಆಟ. 60 ಕಾರ್ಡ್ ಕಲಸಿ, 7 ಕೈಗೆ ತಗೊಂಡು, 6 ಪ್ರೈಜ್ (ಎದುರಾಳಿಯ ಪೋಕೆಮಾನ್ ಬೀಳಿಸಿದಾಗ ಎತ್ತಿಕೊಳ್ಳುವ ಕಾರ್ಡ್; ಆರೂ ಮೊದಲು ತೆಗೆದವರು ಗೆದ್ದರು) ಇಟ್ಟು, ಎರಡೇ ಟರ್ನ್ ಆಡಿ ಮತ್ತೆ ಕಲಸುವುದು. ಬೇಸರದ ಕೆಲಸ, ಆದರೆ ಡೆಕ್ಕಿನ ಹುಳುಕೆಲ್ಲ ಇಲ್ಲೇ ಕಾಣುತ್ತದೆ. ನೋಡುವುದು ಒಂದನ್ನೇ: ಎರಡನೇ ಟರ್ನಿಗೆ ಚಾರಿಜಾರ್ಡ್ ನಿಂತಿತಾ? ಚಾರಿಜಾರ್ಡಿನ ಮರಿರೂಪ ಚಾರ್‌ಮ್ಯಾಂಡರ್ ಇಳಿದ ಟರ್ನಲ್ಲೇ, ಅದನ್ನು ನೇರ ಚಾರಿಜಾರ್ಡ್ ಮಾಡುವ ರೇರ್ ಕ್ಯಾಂಡಿ ಹಾಕುವಂತಿಲ್ಲ, ಆದ್ದರಿಂದ ಅದು ಮೊದಲ ಟರ್ನಲ್ಲೇ ಬರಬೇಕು. ನಾಲ್ಕು ಇಟ್ಟರೂ ಮೊದಲು ಎತ್ತಿದ ಏಳರಲ್ಲಿ ಒಂದಾದರೂ ಇರುವುದು 40% ಸಲ ಮಾತ್ರ. ಉಳಿದ ಕೊರತೆಯನ್ನು, ಡೆಕ್ಕಿನಿಂದ ಸಣ್ಣ ಪೋಕೆಮಾನ್ ಹುಡುಕಿ ಇಳಿಸುವ ಬಡ್ಡಿ-ಬಡ್ಡಿ ಪಾಫಿನ್ ಕಾರ್ಡ್ ತುಂಬಬೇಕು. ಒಟ್ಟು ಹತ್ತು ಬೇಸಿಕ್ (ನೇರವಾಗಿ ಇಳಿಸಬಹುದಾದ ಪೋಕೆಮಾನ್) ಇದ್ದರೂ 26% ಸಲ ಕೈಯಲ್ಲಿ ಒಂದೂ ಬೇಸಿಕ್ ಇರುವುದಿಲ್ಲ. ಆಗ ಮಲಿಗನ್, ಅಂದರೆ ಮತ್ತೆ ಕಲಸಿ ಹೊಸ ಏಳು, ಎದುರಾಳಿಗೆ ಪುಕ್ಕಟೆ ಕಾರ್ಡ್. ಒಂದೇ ಪ್ರತಿ ಇರುವ ಯಾವುದೇ ಕಾರ್ಡ್ 10% ಸಲ ಪ್ರೈಜಿನಲ್ಲಿ ಸಿಕ್ಕಿಕೊಳ್ಳುತ್ತದೆ. ಏಸ್ ಸ್ಪೆಕ್ ಎಂಬ ವಿಶೇಷ ಬಲದ ಕಾರ್ಡನ್ನು ಡೆಕ್ಕಿಗೆ ಒಂದೇ ಇಡಬಹುದು, ಹಾಗಾಗಿ ಅದಿಲ್ಲದೆ ನಡೆಯದ ಪ್ಲಾನನ್ನು ನಾನು ಪ್ಲಾನ್ ಅನ್ನುವುದಿಲ್ಲ.

ಆಮೇಲೆ ಮ್ಯಾಚಪ್, ಅಂದರೆ ಒಂದು ನಿರ್ದಿಷ್ಟ ಡೆಕ್ಕಿನ ಎದುರಿನ ಆಟ. ರೇಜಿಂಗ್ ಬೋಲ್ಟ್ ಇಎಕ್ಸ್ ವಿರುದ್ಧ ಆಡುವ ಮುಂಚೆಯೇ ಅರ್ಧ ಲೆಕ್ಕ ಕಾಗದದ ಮೇಲೆ ಮುಗಿಯುತ್ತದೆ. ಚಾರಿಜಾರ್ಡ್ ಏಟು 180, ಎದುರಾಳಿ ತೆಗೆದ ಪ್ರತಿ ಪ್ರೈಜಿಗೆ 30 ಸೇರುತ್ತದೆ. ಬೋಲ್ಟ್‌ಗೆ 240 ಎಚ್‌ಪಿ, ಅಂದರೆ ಅಷ್ಟು ಏಟು ಬಿದ್ದರೆ ಅದು ಬೀಳುತ್ತದೆ. ಅವರು ಎರಡು ಪ್ರೈಜ್ ತೆಗೆಯುವ ತನಕ ಅದು ಒಂದೇಟಿಗೆ ಬೀಳುವುದಿಲ್ಲ. ಬೋಲ್ಟ್ ಬಿಸಾಡಿದ ಪ್ರತಿ ಬೇಸಿಕ್ ಎನರ್ಜಿ ಕಾರ್ಡಿಗೆ 70 ಹೊಡೆಯುತ್ತದೆ. 330 ಎಚ್‌ಪಿಯ ಚಾರಿಜಾರ್ಡಿಗೆ ಐದು ಎನರ್ಜಿ ಸುರಿಯಬೇಕು. 280 ಎಚ್‌ಪಿಯ ಪಿಜಿಯಾಟಿಗೆ ಸರಿಯಾಗಿ ನಾಲ್ಕು ಸಾಕು. ಅಂದರೆ ಡೆಕ್ಕಿನ ಎಂಜಿನ್ನೇ, ಬೇಕಾದ ಕಾರ್ಡ್ ಹುಡುಕಿಕೊಡುವ ಪಿಜಿಯಾಟೇ, ಮೆದು ಗುರಿ; ಬಾಸಸ್ ಆರ್ಡರ್ಸ್ ಹಾಕಿ ಅದನ್ನು ಮುಂದಕ್ಕೆ ಎಳೆದರೆ, ಇಎಕ್ಸ್ ಆದ್ದರಿಂದ, ಎರಡು ಪ್ರೈಜ್ ಹೋಯಿತು. ನನಗೆ ಅನುಕೂಲವಾದ ದಾರಿ ಬೇರೆ: ಮೊದಲು ಎರಡು ಸಣ್ಣ ಪೋಕೆಮಾನ್ ಬಲಿ ಕೊಡುವುದು. ನನ್ನ ಏಟು 240ಕ್ಕೆ ಏರುತ್ತದೆ, ಅವರಿಗೆ ಮೂರರ ಬದಲು ನಾಲ್ಕು ನಾಕ್‌ಔಟ್ ಬೇಕಾಗುತ್ತದೆ. ಅವರ ಪ್ರೈಜ್ ಎರಡಕ್ಕೆ ಇಳಿದಾಗ, ಕೈಯಲ್ಲಿರುವುದನ್ನು ಉಳಿದ ಪ್ರೈಜಿನಷ್ಟೇ ಹೊಸ ಕಾರ್ಡಿಗೆ ಬದಲಿಸುವ ಐಯೋನೋ ಹಾಕಿದರೆ ಅವರ ಕೈಯಲ್ಲಿ ಎರಡೇ ಕಾರ್ಡ್ ಉಳಿಯುತ್ತದೆ. ಮೆದು ಗುರಿ ಪಿಜಿಯಾಟ್ ಆದ್ದರಿಂದ ಈ ಮ್ಯಾಚಪ್‌ನಲ್ಲಿ ನಾನು ಬರೆದಿಟ್ಟದ್ದು ಅದು ಯಾವ ಟರ್ನಲ್ಲಿ ಬಿತ್ತು ಅನ್ನುವುದನ್ನು.

ಸೋತ ಆಟದ ಎದುರು ಕಾರಣ ಬರೆಯುತ್ತೇನೆ: ಸೆಟಪ್ ಆಗಲಿಲ್ಲ, ಪ್ರೈಜ್ ಓಟದಲ್ಲಿ ಹಿಂದುಳಿದೆ, ಆಡಿದ್ದೇ ತಪ್ಪು. ಮೂರನೆಯದಕ್ಕೆ ಡೆಕ್ಕಿನ ಒಂದು ಕಾರ್ಡನ್ನೂ ಮುಟ್ಟುವುದಿಲ್ಲ.

ಕೊನೆಗೆ ಮೆಟಾ, ಅಂದರೆ ಎದುರಿಗೆ ಯಾವ ಡೆಕ್ ಎಷ್ಟು ಬರುತ್ತವೆ ಅನ್ನುವುದು. ಬೋಲ್ಟ್ ವಿರುದ್ಧ 45%, ಉಳಿದವರ ವಿರುದ್ಧ 60% ಅಂದುಕೊಳ್ಳಿ. ಅರ್ಧ ಜನ ಬೋಲ್ಟ್ ತಂದರೆ ಸರಾಸರಿ 52.5%ಕ್ಕೆ ಇಳಿಯಿತು. ಆಗಸ್ಟ್ 2024ರಲ್ಲಿ ಹೊನೊಲುಲುವಿನ ವಿಶ್ವ ಚಾಂಪಿಯನ್‌ಶಿಪ್ಪಿನ ಮಾಸ್ಟರ್ಸ್ ವಿಭಾಗ ಗೆದ್ದ ಫೆರ್ನಾಂಡೊ ಸಿಫುವೆಂಟೆಸ್ ಆಡಿದ್ದು ಐರನ್ ಥಾರ್ನ್ಸ್ ಇಎಕ್ಸ್. ಅದು ಆಕ್ಟಿವ್ (ಮುಂದಿನ, ಹೊಡೆದಾಡುವ) ಜಾಗದಲ್ಲಿರುವ ತನಕ, ಫ್ಯೂಚರ್ ಗುಂಪಿನವನ್ನು ಬಿಟ್ಟು, ರೂಲ್ ಬಾಕ್ಸ್ (ಕಾರ್ಡಿನ ಮೇಲೆ ವಿಶೇಷ ನಿಯಮದ ಚೌಕ) ಇರುವ, ಇಎಕ್ಸ್‌ನಂಥ ಪೋಕೆಮಾನ್‌ಗಳ ಎಬಿಲಿಟಿ (ಏಟಿನ ಹೊರತಾದ ವಿಶೇಷ ಶಕ್ತಿ) ಬಂದ್. ಎಬಿಲಿಟಿಗಳ ಮೇಲೇ ನಿಂತ ಡೆಕ್‌ಗಳು ತುಂಬಿದ್ದ ಮೆಟಾಕ್ಕೆ ಸರಿಯಾದ ಮದ್ದು. ಎಬಿಲಿಟಿ ನಂಬದ ಡೆಕ್‌ಗಳ ನಡುವೆ ಅದೇ ಪಟ್ಟಿ ಸಾಧಾರಣ.

ನಾವು ಆಡುವ ಸಣ್ಣ ಕೂಟಗಳಲ್ಲಂತೂ ಈ ಅಂದಾಜು ಸುಲಭ. ಕಾರ್ಡ್ ಅಗ್ಗವಲ್ಲ, ಯಾರೂ ವಾರಕ್ಕೊಂದು ಡೆಕ್ ಬದಲಿಸುವುದಿಲ್ಲ. ಯಾರು ಬರುತ್ತಾರೆ ಅಂತ ಗ್ರೂಪಿನಲ್ಲಿ ಕೇಳಿದರೆ ಎದುರಿಗೆ ಎಷ್ಟು ಬೋಲ್ಟ್ ಇರುತ್ತವೆ ಅಂತ ಹಿಂದಿನ ರಾತ್ರಿಯೇ ಗೊತ್ತಾಗುತ್ತದೆ.