ಉಪ್ಪುಗಾಳಿಯ ಊರಿನಲ್ಲಿ ಆಕ್ಸಿಜನ್ ಸೆನ್ಸರ್ ಬದಲಿಸಿದ್ದು

ಚೆಕ್ ಎಂಜಿನ್ ದೀಪ ಹೊತ್ತಿಕೊಂಡ ತಕ್ಷಣ ಹೊಸ ಆಕ್ಸಿಜನ್ ಸೆನ್ಸರ್ (ಎಂಜಿನ್ನಿನ ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಸಾಧನ) ತರಿಸಬೇಡಿ. ಅದು ನಿಜವಾಗಿ ಕೆಟ್ಟಿದೆಯೇ ಎಂದು ಮೊದಲು ಮೀಟರ್ ಹಿಡಿದು ನೋಡಿ. ಕಾರವಾರದಂಥ ಕಡಲೂರಿನಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. ಇಲ್ಲಿ ಎಷ್ಟೋ ಸಲ ಸೆನ್ಸರ್ ಗಟ್ಟಿಯಾಗಿರುತ್ತದೆ, ಅದರ ಸುತ್ತಲಿನ ತಂತಿ, ಕನೆಕ್ಟರ್, ಫ್ಯೂಸಿನ ಕಾಲು ಕೆಟ್ಟಿರುತ್ತವೆ.

ನನ್ನದು 2013ರ ಪೆಟ್ರೋಲ್ ಕಾರು, ಲಕ್ಷ ಕಿಲೋಮೀಟರ್ ದಾಟಿದೆ. ದೀಪ ಹೊತ್ತುವ ಮೊದಲೇ ಒಂದು ಸಂಗತಿ ಗಮನಕ್ಕೆ ಬಂದಿತ್ತು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬಂದರೆ ಮೈಲೇಜಿನಲ್ಲಿ ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಆದರೆ ಊರೊಳಗೆ ಕೋಡಿಬಾಗ, ಮಾರುಕಟ್ಟೆ, ಬೈತಖೋಲ ಎಂದು ತುಂಡು ತುಂಡು ಓಡಾಟವಾದರೆ ಪೆಟ್ರೋಲಿನ ಮುಳ್ಳು ಸರಸರನೆ ಇಳಿಯುತ್ತಿತ್ತು. ಬೆಳಿಗ್ಗೆ ಸೈಲೆನ್ಸರಿನ ಹೊಗೆಗೆ ಹಸಿ ಪೆಟ್ರೋಲಿನ ವಾಸನೆ. ಊರೊಳಗೆ ಮೈಲೇಜ್ ಕಡಿಮೆ ಬರುವುದು ಸಹಜ, ಆದರೆ ಇದು ಸಹಜಕ್ಕಿಂತ ಬಹಳ ಹೆಚ್ಚಾಗಿತ್ತು.

ಈ ಅಂತರದಲ್ಲೇ ರೋಗದ ಸುಳಿವಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಆ ಲೆಕ್ಕ ತಪ್ಪದಂತೆ ನೋಡಿಕೊಳ್ಳಲು ಹೊಗೆಯ ದಾರಿಯಲ್ಲಿ ಈ ಸೆನ್ಸರ್ ಕೂತಿರುತ್ತದೆ. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿದೆ. ಅದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಎಂಜಿನ್ನಿನ ಹೊಗೆ. ಎರಡರಲ್ಲಿರುವ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ: ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್ ಹತ್ತಿರ, ಗಾಳಿ ಹೆಚ್ಚಾದರೆ 0.1ರ ಹತ್ತಿರ. ಎಂಜಿನ್ನಿನ ಕಂಪ್ಯೂಟರ್ ಇದನ್ನು ನೋಡಿ ಪೆಟ್ರೋಲ್ ಏರಿಸುತ್ತದೆ, ಇಳಿಸುತ್ತದೆ. ಆದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಜಿರ್ಕೋನಿಯಾ ಕೆಲಸ ಮಾಡುವುದಿಲ್ಲ. ಬೇಗ ಕಾಯಲೆಂದೇ ಒಳಗೊಂದು ಸಣ್ಣ ಹೀಟರ್ ಇಟ್ಟಿರುತ್ತಾರೆ. ಹೀಟರ್ ಸತ್ತರೆ ಹೊಗೆಯ ಬಿಸಿಯೊಂದೇ ಗತಿ. ಘಟ್ಟ ಹತ್ತುವಾಗ ಆ ಬಿಸಿ ಧಾರಾಳವಾಗಿ ಸಿಗುತ್ತದೆ. ಮಾರುಕಟ್ಟೆಯ ಓಡಾಟದಲ್ಲಿ ಸೆನ್ಸರ್ ಕಾಯುವ ಹೊತ್ತಿಗೆ ಗಾಡಿ ನಿಂತಿರುತ್ತದೆ. ಅಷ್ಟು ಹೊತ್ತೂ ಕಂಪ್ಯೂಟರ್ ತನ್ನಲ್ಲಿ ಮೊದಲೇ ಬರೆದಿಟ್ಟ ಅಂದಾಜಿನಂತೆ ಪೆಟ್ರೋಲ್ ಸುರಿಯುತ್ತಿರುತ್ತದೆ.

ದೀಪ ಹೊತ್ತಿದ ಮೇಲೆ ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಬ್ಲೂಟೂತ್ ರೀಡರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ. ಬಂದ ಕೋಡ್ ಪಿ0135, ಅಂದರೆ ಎರಡು ಸೆನ್ಸರುಗಳಲ್ಲಿ ಎಂಜಿನ್ನಿಗೆ ಹತ್ತಿರವಿರುವುದರ ಹೀಟರ್ ಸರ್ಕಿಟ್. ಇಲ್ಲಿ ‘ಸರ್ಕಿಟ್’ ಎಂಬುದನ್ನು ಗಮನಿಸಬೇಕು. ಹೀಟರ್, ಅದರ ಫ್ಯೂಸ್, ತಂತಿ, ಕನೆಕ್ಟರ್ ಎಲ್ಲವೂ ಅದರಲ್ಲಿ ಬಂತು. ಫ್ಯೂಸ್ ತೆಗೆದು ಕಾಲುಗಳನ್ನು ಉಜ್ಜಿ ಹಾಕಿದೆ. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ತೆಳುವಾಗಿ ಹಸಿರು ಕಿಲುಬು. ಒಣ ಬ್ರಷ್ಷಿನಿಂದ ಕೆರೆದು ತೆಗೆದೆ. ಎಂಜಿನ್ ಚಾಲೂ ಇಟ್ಟು ಗಾಡಿಯ ಕಡೆಯ ಪಿನ್ನಿನಲ್ಲಿ ಅಳೆದಾಗ ಬ್ಯಾಟರಿಯ ವೋಲ್ಟೇಜ್ ಸರಿಯಾಗಿ ಬರುತ್ತಿತ್ತು. ಕೊನೆಗೆ ಸೆನ್ಸರಿನ ಕಡೆಯ ಎರಡು ಹೀಟರ್ ತಂತಿಗಳ ನಡುವೆ ಓಮ್ ನೋಡಿದೆ. ಒಳ್ಳೆಯ ಹೀಟರ್ ತಣ್ಣಗಿದ್ದಾಗ ಕೆಲವೇ ಓಮ್ ತೋರಿಸಬೇಕು. ನನ್ನದು ಏನೂ ತೋರಿಸಲಿಲ್ಲ, ಒಳಗೆ ತಂತಿಯೇ ತುಂಡಾಗಿತ್ತು. ಸೆನ್ಸರ್ ಬದಲಿಸಲೇಬೇಕು ಎಂಬುದು ಆಗ ಖಚಿತವಾಯಿತು.

ಬೇರೆ ಕೋಡ್ ಬಂದವರಿಗೆ ಒಂದು ಮಾತು. ಪಿ0171, ಅಂದರೆ ಗಾಳಿ ಹೆಚ್ಚಾಗಿದೆ ಎಂಬ ದೂರು ಬಂದಿದ್ದರೆ ಸೆನ್ಸರನ್ನು ಅನುಮಾನಿಸುವ ಮೊದಲು ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಮತ್ತು ಪೈಪಿನ ಜೋಡಣೆ ನೋಡಿ. ಕರಾವಳಿಯಲ್ಲಿ ಇವು ತುಕ್ಕು ಹಿಡಿದು ಸಣ್ಣಗೆ ಸೀಳುತ್ತವೆ. ಆ ಸೀಳಿನಿಂದ ಒಳಬಂದ ಗಾಳಿಯನ್ನು ಸೆನ್ಸರ್ ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಿರುತ್ತದೆ.

ಹೊಸ ಸೆನ್ಸರ್ ಕಾರವಾರದಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿದೆ. ತಂತಿ ಕತ್ತರಿಸಿ ಜೋಡಿಸುವ ಅಗ್ಗದ ಸೆನ್ಸರುಗಳೂ ಸಿಗುತ್ತವೆ. ನಾನು ನಮ್ಮ ಗಾಡಿಗೆಂದೇ ಮಾಡಿದ, ಕನೆಕ್ಟರ್ ಸಮೇತ ಬರುವುದನ್ನೇ ಕೇಳಿದೆ. ಈ ಬಗೆಯ ಬಹುಪಾಲು ಸೆನ್ಸರುಗಳು ಹೊರಗಿನ ಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕನೆಕ್ಟರಿಗೆ ಗ್ರೀಸ್ ಮೆತ್ತಬಾರದು, ಕ್ಲೀನರ್ ಸ್ಪ್ರೇ ಹೊಡೆಯಬಾರದು ಎನ್ನುವುದೂ ಇದಕ್ಕಾಗಿಯೇ. ಉಪ್ಪುಗಾಳಿಗೆ ಹೆದರಿ ಎಲ್ಲದಕ್ಕೂ ಗ್ರೀಸ್ ಹಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ಇದೊಂದು ಜಾಗದಲ್ಲಿ ಬೇಡ.

ನಿಜವಾದ ಕೆಲಸ ಹಳೆಯದನ್ನು ಬಿಚ್ಚುವುದು. ಮಳೆ, ಉಪ್ಪು, ಬಿಸಿ ಮೂರೂ ಸೇರಿ ಸೆನ್ಸರನ್ನು ಪೈಪಿಗೆ ಒಂದೇ ಲೋಹದಂತೆ ಅಂಟಿಸಿರುತ್ತವೆ. ಹಿಂದಿನ ಸಂಜೆಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ, ಬೆಳಿಗ್ಗೆ ಇನ್ನೊಮ್ಮೆ ಹಾಕಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚುವ ಮೊದಲು ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿದೆ. ಲೋಹ ಬೆಚ್ಚಗಿದ್ದರೆ ಸ್ವಲ್ಪ ಹಿಗ್ಗಿ ಹಿಡಿತ ಬಿಡುತ್ತದೆ. ಪೂರ್ತಿ ಕಾದಿರುವಾಗ ಮಾತ್ರ ಕೈ ಹಾಕಬಾರದು. ದಪ್ಪ ಕೈಗವಸು ಬೇಕೇ ಬೇಕು.

ಸೆನ್ಸರಿನ ತಲೆ 22 ಮಿಲಿಮೀಟರ್. ತಂತಿ ಹಾಯಲು ಸೀಳು ಬಿಟ್ಟಿರುವ ಸಾಕೆಟ್ ಇದಕ್ಕೆಂದೇ ಸಿಗುತ್ತದೆ, ಆದರೆ ಬಿಗಿ ಹೆಚ್ಚಾದರೆ ಆ ಸೀಳು ಅಗಲವಾಗಿ ತಲೆಯ ಮೂಲೆಗಳನ್ನು ಸವೆಸುತ್ತದೆ. ಕೋಡಿಬಾಗದ ಗ್ಯಾರೇಜಿನ ಹಿರಿಯರೊಬ್ಬರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಮಾಸ್ತರೇ, ಎಸೆಯುವ ಸಾಮಾನಿನ ತಂತಿಗೆ ಯಾಕೆ ಮರುಗುತ್ತೀರಿ? ಕತ್ತರಿಸಿ, ರಿಂಗ್ ಪಾನಾ ಹಾಕಿ.” ತಂತಿ ಕತ್ತರಿಸಿ ಆರು ಮೂಲೆಯನ್ನೂ ಹಿಡಿಯುವ ರಿಂಗ್ ಪಾನಾ ಹಾಕಿ, ಹಿಡಿಗೆ ಉದ್ದದ ಪೈಪ್ ಸೇರಿಸಿದೆ. ಒಂದೇ ಸಮ ಎಳೆಯಲಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ, ನಡುವೆ ಎಣ್ಣೆ. ಟಕ್ಕೆಂದು ಶಬ್ದ ಬಂದು ಅದು ಅಲುಗಿದಾಗ ಆದ ಸಂತೋಷ ಈ ಕೆಲಸ ಮಾಡಿದವರಿಗೇ ಗೊತ್ತು. ಅಲುಗಿದ ಮೇಲೂ ಅವಸರ ಬೇಡ. ಕಾಲು ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ ಎಂದು ತುಕ್ಕಿನ ಪುಡಿ ಹೊರಗೆ ಬರುವಂತೆ ಆಡಿಸುತ್ತಲೇ ಇರಬೇಕು. ಬಲವಂತ ಮಾಡಿದರೆ ಪೈಪಿನೊಳಗಿನ ಥ್ರೆಡ್ ಕಿತ್ತು ಬರುತ್ತದೆ, ಆಗ ಖರ್ಚು ಸೆನ್ಸರಿನದಲ್ಲ, ಮ್ಯಾನಿಫೋಲ್ಡಿನದು.

ಥ್ರೆಡ್ ಎಂ18, 1.5 ಪಿಚ್. ಲೇತ್ ಅಂಗಡಿಯಿಂದ ಅದೇ ಅಳತೆಯ ಟ್ಯಾಪ್, ಅಂದರೆ ಥ್ರೆಡ್ ಕೊರೆಯುವ ಉಪಕರಣ, ಕೇಳಿ ತಂದು, ಅದಕ್ಕೆ ಗ್ರೀಸ್ ಹಚ್ಚಿ ಕೈಯಿಂದಲೇ ತಿರುಗಿಸಿದೆ. ಪುಡಿಯೆಲ್ಲ ಗ್ರೀಸಿಗೆ ಅಂಟಿ ಹೊರಬಂತು.

ಹೊಸ ಸೆನ್ಸರ್ ಕೂರಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಜ್ ಲೇಪ ಹಚ್ಚಿಯೇ ಬಂದಿತ್ತು. ಅದು ತುದಿಯ ರಂಧ್ರಗಳಿಗೆ ತಾಗಬಾರದು, ಸಿಲಿಕೋನ್ ಅಂಟಂತೂ ಹತ್ತಿರವೂ ಸುಳಿಯಬಾರದು. ಸಿಲಿಕೋನ್ ಆವಿ ಸೆನ್ಸರಿಗೆ ವಿಷ. ಕೈ ಜಾರಿ ನೆಲಕ್ಕೆ ಬಿದ್ದರೆ ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ. ಕೈಯಿಂದ ಕೊನೆಯವರೆಗೆ ತಿರುಗಿಸಿ, ಆಮೇಲೆ 40 ನ್ಯೂಟನ್ ಮೀಟರ್ ಆಸುಪಾಸು ಬಿಗಿದೆ. ತಂತಿ ತಿರುಚಿಕೊಳ್ಳದಂತೆ, ಬಿಸಿ ಪೈಪಿಗೆ ತಾಗದಂತೆ ಹಳೆಯ ಕ್ಲಿಪ್ಪಿಗೇ ಸಿಕ್ಕಿಸಿದೆ.

ಕೋಡ್ ಅಳಿಸಿ ಎಂಜಿನ್ ಚಾಲೂ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಮೊಬೈಲಿನ ಗೆರೆ 0.1ಕ್ಕೂ 0.9ಕ್ಕೂ ನಡುವೆ ಮೇಲೆ ಕೆಳಗೆ ಜಿಗಿಯತೊಡಗಿತು. ಬೆಳಗಿನ ವಾಸನೆ ಹೋಯಿತು, ಊರೊಳಗಿನ ಮೈಲೇಜ್ ಹಿಂದಿನ ಮಟ್ಟಕ್ಕೆ ಬಂತು. ಬಂಕುಗಳಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಎಥನಾಲ್ ಉರಿಯಲು ಬೇಕಾದ ಗಾಳಿ ಕಡಿಮೆ, ಹಾಗಾಗಿ ಹಳೆಯ ಗಾಡಿಯ ಕಂಪ್ಯೂಟರ್ ತನ್ನ ಲೆಕ್ಕವನ್ನು ಆಗಾಗ ತಿದ್ದಿಕೊಳ್ಳಬೇಕು. ತಿದ್ದಿಕೊಳ್ಳಲು ಅದಕ್ಕಿರುವ ಕಣ್ಣು ಈ ಸೆನ್ಸರೇ. ಹಳೆಯ ಗಾಡಿ ಇಟ್ಟುಕೊಂಡವರು ದೀಪವನ್ನು ತಿಂಗಳುಗಟ್ಟಲೆ ಹೊತ್ತಲು ಬಿಡಬಾರದು ಎಂದು ನಾನು ಹೇಳುವುದು ಇದರಿಂದ. ಹೆಚ್ಚಾದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಸುಡುತ್ತದೆ, ಅದರ ಬೆಲೆಯ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ.

ಕನ್ವರ್ಟರಿನ ಹಿಂದಿರುವ ಎರಡನೆಯ ಸೆನ್ಸರ್ ಇನ್ನೂ ಚೆನ್ನಾಗಿದೆ, ಆದರೆ ರಸ್ತೆಯ ನೀರು ಅದಕ್ಕೇ ಹೆಚ್ಚು ಸಿಡಿಯುತ್ತದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಅದನ್ನೂ ಒಮ್ಮೆ ಸಡಿಲಿಸಿ, ಥ್ರೆಡ್ಡಿಗೆ ಆಂಟಿಸೀಜ್ ಹಚ್ಚಿ ಮತ್ತೆ ಬಿಗಿದಿಡುತ್ತೇನೆ.